‘ಟೂ ಡಿಯರ್’ ಅಂದರೆ ‘ಭಾಳ ತುಟ್ಟಿ’: ಪಿಯುಸಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುವ ಬಗೆ

ಪ್ರಶ್ನೆ: ನಮ್ಮೂರು ಜಮಖಂಡಿ ಹತ್ತಿರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತೆ. ಈಗ ದ್ವಿತೀಯ ಪಿಯುಸಿ, ಕಲಾ ವಿಭಾಗ. ಇಂಗ್ಲಿಷಿಗೆ ಗೈಡ್ ಬಾಯಿಪಾಠ ಮಾಡಿಯೇ ಪಾಸಾಗುತ್ತ ಬಂದಿದ್ದೇನೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಬರೆಯಲು ಏನೂ ಹೊಳೆಯುವುದಿಲ್ಲ. ಪದ್ಯಗಳಂತೂ ತಲೆಗೆ ಹತ್ತುವುದೇ ಇಲ್ಲ. ಮುಂದೆ ಬಿ.ಎ.ದಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಳ್ಳಬೇಕೆಂಬ ಆಸೆ ಇದೆ. ಪಾಠಗಳನ್ನು ಹೇಗೆ ಓದಬೇಕು? ಕನ್ನಡದಲ್ಲಿ ಅರ್ಥ ಮಾಡಿಕೊಂಡು ಓದುವುದು ತಪ್ಪೇ? ‘ರೋಮಿಯೋ ಅಂಡ್ ಜೂಲಿಯೆಟ್’ ಇಡೀ ನಾಟಕ ಓದಲೇಬೇಕೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುವುದು ತಪ್ಪಲ್ಲ. ಕನ್ನಡ ಮಾಧ್ಯಮದಿಂದ ಬಂದವರ ಕೈಯಲ್ಲಿರುವ ದೊಡ್ಡ ಬಂಡವಾಳವೇ ಅದು. ತಪ್ಪಾಗುವುದು ಎಲ್ಲಿ ಎಂದರೆ, ಗೈಡಿನಲ್ಲಿ ಇನ್ನಾರೋ ಬರೆದ ಕನ್ನಡ ಸಾರಾಂಶ ಓದಿ, ಗೈಡಿನದೇ ಇಂಗ್ಲಿಷ್ ಉತ್ತರ ಉರು ಹೊಡೆದು, ಮೂಲ ಪಾಠವನ್ನು ಮುಟ್ಟದೇ ಬಿಡುವುದರಲ್ಲಿ. ಸಾಹಿತ್ಯದಲ್ಲಿ ಅಂಕ ಬರುವುದೂ ರುಚಿ ಹತ್ತುವುದೂ ಪುಟದ ಮೇಲಿನ ಒಂದೊಂದು ಮಾತನ್ನು ಹಿಡಿದು ‘ಇಲ್ಲಿ ಇದೇ ಮಾತು ಯಾಕೆ?’ ಎಂದು ಕೇಳಿದಾಗ. ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿಕೊಂಡರೂ ನಡೆಯುತ್ತದೆ.

ನಿಮ್ಮ ‘ಸ್ಪ್ರಿಂಗ್ಸ್’ ಪಠ್ಯದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಟಾಲ್‌ಸ್ಟಾಯ್ ಕಥೆಯ ಹೆಸರು ‘ಟೂ ಡಿಯರ್!’. ‘ಡಿಯರ್’ ಎಂದೊಡನೆ ನಮಗೆ ಪತ್ರದ ಮೊದಲ ಸಾಲಿನ ‘ಪ್ರೀತಿಯ’ ನೆನಪಾಗುತ್ತದೆ. ಹಾಗೆಂದೇ ‘ತುಂಬಾ ಪ್ರೀತಿಯ’ ಎಂದು ಅರ್ಥ ಬರೆದುಕೊಂಡು, ಕಥೆಗೂ ಹೆಸರಿಗೂ ಏನು ಸಂಬಂಧ ಎಂದು ತಿಳಿಯದೆ ಕೂರುವ ಮಕ್ಕಳು ಬಹಳ. ನಿಘಂಟಿನಲ್ಲಿ ಎರಡನೆಯ ಅರ್ಥ ನೋಡಿ: ದುಬಾರಿ. ನಮ್ಮ ಭಾಗದ ಮಾತಿನಲ್ಲಿ ‘ಭಾಳ ತುಟ್ಟಿ!’. ಸಂತೆಯಲ್ಲಿ ಬದನೆಕಾಯಿ ಬೆಲೆ ಕೇಳಿ ನಾವು ಹೇಳುವ ಮಾತೇ ಅದು. ಮೊನಾಕೊ ಎಂಬ ಅಂಗೈ ಅಗಲದ ರಾಜ್ಯದಲ್ಲಿ ಒಬ್ಬ ಕೊಲೆ ಮಾಡುತ್ತಾನೆ. ಮರಣದಂಡನೆ ಆಗುತ್ತದೆ. ಆದರೆ ತಲೆ ಕಡಿಯುವ ಯಂತ್ರವೂ ಇಲ್ಲ, ಕಡಿಯುವವನೂ ಇಲ್ಲ. ಫ್ರಾನ್ಸಿನವರನ್ನು ಕೇಳಿದರೆ 16,000 ಫ್ರಾಂಕ್, ಇಟಲಿಯವರು 12,000. ಒಂದು ಜೀವ ತೆಗೆಯುವ ಮಾತು ಹೀಗೆ ಚೌಕಾಸಿಯಾಗಿ ಬಿಡುತ್ತದೆ. ತಲೆಬರಹದ ಆ ಒಂದು ಪದ ಬಿಡಿಸಿಕೊಂಡರೆ ಕಥೆಯ ವ್ಯಂಗ್ಯವೆಲ್ಲ ಕೈಗೆ ಬಂತು: ನ್ಯಾಯ ಸರಿಯೋ ತಪ್ಪೋ ಎಂದು ಯಾರೂ ಕೇಳುತ್ತಿಲ್ಲ, ಎಷ್ಟು ಖರ್ಚು ಎಂದು ಕೇಳುತ್ತಿದ್ದಾರೆ. ಪ್ರಶ್ನೆಯನ್ನು ಹೇಗೆ ತಿರುಗಿಸಿದರೂ ಈ ಎಳೆ ಹಿಡಿದು ಉತ್ತರ ಕಟ್ಟಬಹುದು. ಗೈಡಿನ ಉತ್ತರ ಹಾಗೆ ತಿರುಗುವುದಿಲ್ಲ.

ಓದುವ ಕ್ರಮ ಹೀಗಿರಲಿ. ಪಾಠವನ್ನು ಮೊದಲ ಸಲ ಗಟ್ಟಿಯಾಗಿ, ಎಲ್ಲಿಯೂ ನಿಲ್ಲದೆ ಓದಿ. ತಿಳಿಯದ ಪದ ಬಂದರೆ ಪೆನ್ಸಿಲ್‌ನಿಂದ ಅಡಿಗೆರೆ ಎಳೆದು ಮುಂದೆ ಹೋಗಿ, ನಿಘಂಟು ಮುಟ್ಟಬೇಡಿ. ಎರಡನೆಯ ಸಲ ನಿಧಾನಕ್ಕೆ ಓದಿ, ಅಡಿಗೆರೆ ಎಳೆದದ್ದರಲ್ಲಿ ಅರ್ಥಕ್ಕೆ ಅಡ್ಡ ನಿಂತ ಎಂಟು–ಹತ್ತು ಪದಗಳನ್ನು ಮಾತ್ರ ಆರಿಸಿ. ಎಲ್ಲ ಪದಕ್ಕೂ ಅರ್ಥ ಹುಡುಕಲು ಹೋದವರು ಮೂರನೆಯ ಪುಟಕ್ಕೆ ಸುಸ್ತಾಗುತ್ತಾರೆ. ಆರಿಸಿದ ಪದಗಳಿಗೆ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಮೊದಲ ಅರ್ಥಕ್ಕೇ ನಿಲ್ಲದೆ ಎಲ್ಲ ಅರ್ಥ ನೋಡಿ, ಆ ವಾಕ್ಯದಲ್ಲಿ ಕೂರುವುದನ್ನು ಬರೆದುಕೊಳ್ಳಿ. ಮೈಸೂರು ವಿಶ್ವವಿದ್ಯಾನಿಲಯದ ದೊಡ್ಡ ನಿಘಂಟು ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕರೆ ಅದನ್ನೇ ಬಳಸಿ, ಅದರಲ್ಲಿ ಒಂದು ಪದಕ್ಕೆ ಅರ್ಥಗಳು ಬಿಡಿಬಿಡಿಯಾಗಿ ಇವೆ. ಮೂರನೆಯ ಸಲ ಓದುವಾಗ ನೋಟ್‌ಬುಕ್ಕಿನ ಪುಟವನ್ನು ಮಧ್ಯಕ್ಕೆ ಗೆರೆ ಎಳೆದು ಎರಡು ಭಾಗ ಮಾಡಿ. ಎಡಕ್ಕೆ ಪಾಠದಲ್ಲಿರುವ ಮಾತು, ಇದ್ದ ಹಾಗೆ, ನಾಲ್ಕೈದು ಪದ ಮಾತ್ರ. ಬಲಕ್ಕೆ ಅದು ಯಾಕೆ ಮುಖ್ಯ ಎನ್ನುವುದು, ನಿಮ್ಮ ಮಾತಿನಲ್ಲಿ, ಬೇಕಾದರೆ ಕನ್ನಡದಲ್ಲೇ. ಒಂದು ಪಾಠಕ್ಕೆ ಇಂಥ ಆರೇಳು ಜೋಡಿ ಸಾಕು. ಪರೀಕ್ಷೆಯ ಹಿಂದಿನ ದಿನ ನೀವು ತೆರೆಯಬೇಕಾದದ್ದು ಈ ಪುಟವನ್ನೇ.

ಇನ್ನು ಪದ್ಯ. ನಿಮಗೆ ಕಷ್ಟ ಅನ್ನಿಸುವುದು ಇಲ್ಲೇ ಆದ್ದರಿಂದ ಒಂದನ್ನು ಹತ್ತಿರದಿಂದ ನೋಡೋಣ. ಯೇಟ್ಸ್ ಕವಿಯ ‘ವೆನ್ ಯೂ ಆರ್ ಓಲ್ಡ್’. ಹನ್ನೆರಡೇ ಸಾಲು, ನಾಲ್ಕು ನಾಲ್ಕು ಸಾಲಿನ ಮೂರು ಚರಣ. ನೀನು ಮುದುಕಿಯಾಗಿ ಬೆಂಕಿಯ ಪಕ್ಕ ತೂಕಡಿಸುತ್ತಿರುವಾಗ ಈ ಪುಸ್ತಕ ತೆಗೆದು ಓದು ಎಂದು ಒಬ್ಬ ಹೇಳುತ್ತಿದ್ದಾನೆ. ಗೈಡ್ ಇಷ್ಟು ಹೇಳಿ, ‘ಇದು ನಿಜವಾದ ಪ್ರೇಮದ ಪದ್ಯ’ ಎಂದು ಮುಗಿಸುತ್ತದೆ. ಈಗ ಗೈಡ್ ಮುಚ್ಚಿ, ಎರಡನೆಯ ಚರಣದಲ್ಲಿ ‘ಲವ್ಡ್’ ಎಂಬ ಪದ ಎಷ್ಟು ಸಲ ಬಂದಿದೆ ಎಣಿಸಿ. ಪ್ರತಿ ಸಾಲಿಗೆ ಒಂದರಂತೆ ನಾಲ್ಕು ಸಲ. ಮೊದಲ ಎರಡು ಸಾಲಿನಲ್ಲಿ ಪ್ರೀತಿಸಿದವರು ‘ಹೌ ಮೆನಿ’, ಅಂದರೆ ಎಷ್ಟೋ ಜನ. ಅವರು ಮೆಚ್ಚಿದ್ದು ಅವಳ ಚೆಲುವನ್ನು. ಮೂರನೆಯ ಸಾಲು ‘ಬಟ್ ಒನ್ ಮ್ಯಾನ್’ ಎಂದು ತಿರುಗುತ್ತದೆ. ಆ ಒಬ್ಬ ಮೆಚ್ಚಿದ್ದು ಎರಡನ್ನು: ಅವಳ ‘ಪಿಲ್‌ಗ್ರಿಮ್ ಸೋಲ್’, ಅಂದರೆ ಯಾತ್ರಿಕನಂಥ ಆತ್ಮ, ಮತ್ತು ಬದಲಾಗುತ್ತಿರುವ ಅವಳ ಮುಖದ ದುಃಖ. ಕ್ರಿಯಾಪದ ಎರಡೂ ಕಡೆ ಅದೇ, ಪ್ರೀತಿಯ ಗುಣ ಬೇರೆ. ‘ಬಟ್’ ಎಂಬ ಮೂರಕ್ಷರದ ಪದವೇ ಈ ಪದ್ಯದ ತಿರುಗಣಿ.

ಮೂರನೆಯ ಚರಣಕ್ಕೆ ಬನ್ನಿ. ಅಲ್ಲಿ ‘ಲವ್’ ಮತ್ತೆ ಬರುತ್ತದೆ, ಆದರೆ ದೊಡ್ಡ ‘ಎಲ್’ ಅಕ್ಷರದಿಂದ. ಈವರೆಗೆ ಕ್ರಿಯೆಯಾಗಿದ್ದದ್ದು ಈಗ ಒಬ್ಬ ವ್ಯಕ್ತಿ. ಅವನು ಓಡಿಹೋಗುತ್ತಾನೆ, ಬೆಟ್ಟಗಳ ಮೇಲೆ ಅಡ್ಡಾಡುತ್ತಾನೆ, ನಕ್ಷತ್ರಗಳ ಗುಂಪಿನಲ್ಲಿ ಮುಖ ಮರೆಸಿಕೊಳ್ಳುತ್ತಾನೆ. ಎರಡನೆಯ ಚರಣದಲ್ಲಿ ಮುಖ ಅವಳದು, ಇಲ್ಲಿ ಮುಖ ಪ್ರೀತಿಯದು, ಅದೂ ಕಾಣದಂತೆ. ‘ಪರ್ಸಾನಿಫಿಕೇಶನ್’ ಎಂದು ಅಲಂಕಾರದ ಹೆಸರು ಬರೆದು ಬಿಟ್ಟರೆ ಅರ್ಧ ಕೆಲಸ ಮಾತ್ರ ಆಯಿತು. ಪ್ರೀತಿಯನ್ನು ಮನುಷ್ಯನನ್ನಾಗಿ ಮಾಡಿದ್ದರಿಂದ ಏನಾಯಿತು ಎಂದು ಬರೆಯಬೇಕು: ಬಿಟ್ಟುಹೋದದ್ದು ಒಂದು ಭಾವನೆಯಾಗಿದ್ದರೆ ಮರೆಯಬಹುದಿತ್ತು. ಇಲ್ಲಿ ಹೋದವನು ಮೇಲೆ ಎಲ್ಲೋ ಇದ್ದಾನೆ, ಕಾಣುವುದಿಲ್ಲ ಅಷ್ಟೆ. ‘ಎ ಲಿಟಲ್ ಸ್ಯಾಡ್ಲಿ’ ಎಂಬುದನ್ನೂ ಬಿಡಬೇಡಿ. ಕವಿ ‘ಬಹಳ ದುಃಖದಿಂದ’ ಎನ್ನುವುದಿಲ್ಲ, ‘ತುಸು ದುಃಖದಿಂದ’ ಎನ್ನುತ್ತಾನೆ. ಆ ‘ತುಸು’ ಪದ್ಯದ ದನಿಯನ್ನೇ ತಗ್ಗಿಸಿಬಿಡುತ್ತದೆ, ನೊಂದವರು ಮೆತ್ತಗೆ ಮಾತಾಡುವ ಹಾಗೆ.

ಇದೇ ಚರಣದ ‘ಗ್ಲೋಯಿಂಗ್ ಬಾರ್ಸ್’ ನಮ್ಮ ಭಾಗದ ಮಕ್ಕಳನ್ನು ಎಡವಿಸುವ ಮಾತು. ಜೈಲಿನ ಸರಳು ಎಂದು ಬರೆದ ಉತ್ತರಗಳೂ ಇರುತ್ತವೆ. ಚಳಿದೇಶದ ಮನೆಯಲ್ಲಿ ಗೋಡೆಯೊಳಗೆ ಬೆಂಕಿಗೂಡು ಇರುತ್ತದೆ. ಕಟ್ಟಿಗೆಯೋ ಕಲ್ಲಿದ್ದಲೋ ಜಾರಿ ಹೊರಗೆ ಬೀಳದಂತೆ ಅದಕ್ಕೆ ಕಬ್ಬಿಣದ ಸರಳು. ಬೆಂಕಿಯ ಕಾವಿಗೆ ಆ ಸರಳು ಕೆಂಪಗೆ ಹೊಳೆಯುತ್ತದೆ. ನಮ್ಮಲ್ಲಿ ಬೆಂಕಿ ಇರುವುದು ಅಡುಗೆಮನೆಯ ಒಲೆಯಲ್ಲಿ, ಅಲ್ಲಿ ಯಾರೂ ಪುಸ್ತಕ ಓದುತ್ತ ಕೂರುವುದಿಲ್ಲ. ಹೀಗೆ ಪದ ಗೊತ್ತಿದ್ದೂ ವಸ್ತು ಗೊತ್ತಿರದ ಕಡೆ ನಿಘಂಟು ಸಾಲುವುದಿಲ್ಲ. ಚಿತ್ರ ನೋಡಬೇಕು, ಅಥವಾ ಕಲಿಸುವವರನ್ನು ಕೇಳಬೇಕು.

ಲಯದ ವಿಷಯದಲ್ಲಿ ಕನ್ನಡದವರಿಗೆ ಒಂದು ತೊಡಕಿದೆ. ನಮ್ಮ ಛಂದಸ್ಸಿನಲ್ಲಿ ಲಘು–ಗುರು, ಮಾತ್ರೆಗಳ ಲೆಕ್ಕ. ಇಂಗ್ಲಿಷಿನಲ್ಲಿ ಲೆಕ್ಕ ಒತ್ತಿನದು. ‘ಪ್ರೆಸೆಂಟ್’ ಎಂಬ ಪದ ‘ಉಡುಗೊರೆ’ ಎಂಬ ಅರ್ಥದಲ್ಲಿದ್ದರೆ ಒತ್ತು ಮೊದಲ ಭಾಗಕ್ಕೆ, ‘ಅರ್ಪಿಸು’ ಎಂಬ ಅರ್ಥವಾದರೆ ಎರಡನೆಯ ಭಾಗಕ್ಕೆ. ಎಲ್ಲ ಅಕ್ಷರಕ್ಕೂ ಸಮ ತೂಕ ಕೊಟ್ಟು ಓದಿದರೆ ಇಂಗ್ಲಿಷ್ ಪದ್ಯ ಗದ್ಯದ ಹಾಗೆ ಕೇಳಿಸುತ್ತದೆ. ಯೇಟ್ಸ್ ಪದ್ಯದ ಮೊದಲ ಸಾಲನ್ನು ಮೇಜಿನ ಮೇಲೆ ಬೆರಳು ಬಡಿಯುತ್ತ ಓದಿ: ವೆನ್, ಓಲ್ಡ್, ಗ್ರೇ, ಫುಲ್, ಸ್ಲೀಪ್. ಸಾಲಿಗೆ ಐದು ಪೆಟ್ಟು. ಶೇಕ್ಸ್‌ಪಿಯರನ ಸಾಲುಗಳಿಗೂ ಹೆಚ್ಚುಕಡಿಮೆ ಅದೇ ಐದು. ಪ್ರಾಸವೂ ಅಷ್ಟೆ. ಬೀಸುವಾಗ ಹಾಡುವ ತ್ರಿಪದಿಯಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಸಾಲಿನ ಕೊನೆಯಲ್ಲಿ ಹುಡುಕಬೇಕು. ಈ ಪದ್ಯದಲ್ಲಿ ಒಂದನೆಯ ಸಾಲಿನ ‘ಸ್ಲೀಪ್’ಗೆ ನಾಲ್ಕನೆಯದರ ‘ಡೀಪ್’ ಜೋಡಿ, ನಡುವೆ ‘ಬುಕ್’–‘ಲುಕ್’. ಹೊರಗಿನ ಜೋಡಿ ಒಳಗಿನ ಜೋಡಿಯನ್ನು ತೆಕ್ಕೆಗೆ ತೆಗೆದುಕೊಂಡ ಹಾಗೆ. ಮೂರೂ ಚರಣಗಳಿಗೆ ಇದೇ ಕಟ್ಟು. ಹಲಸಂಗಿ ಗೆಳೆಯರು ಕೂಡಿಸಿಟ್ಟ ಗರತಿಯರ ಹಾಡು ಕೇಳಿ ಬೆಳೆದ ಕಿವಿಗೆ ಲಯ ಹೊಸದೇನಲ್ಲ, ಎಲ್ಲಿ ಕಿವಿಗೊಡಬೇಕು ಎನ್ನುವುದು ಮಾತ್ರ ಹೊಸದು.

ಕಥೆಗಳ ವಿಷಯದಲ್ಲಿ ನಮ್ಮ ಸೀಮೆಯ ಅನುಭವ ನೇರವಾಗಿ ಕೆಲಸಕ್ಕೆ ಬರುತ್ತದೆ. ಚಿನುವಾ ಅಚೆಬೆಯ ‘ದಿ ವೋಟರ್’ ನೋಡಿ. ನೈಜೀರಿಯದ ಹಳ್ಳಿ, ಚುನಾವಣೆ. ರೂಫ್ ಎಂಬ ಯುವಕ ಮಂತ್ರಿ ಮಾರ್ಕಸ್ ಇಬೆಯ ಪರವಾಗಿ ಊರಿನ ಹಿರಿಯರಿಗೆ ಶಿಲ್ಲಿಂಗ್ ಹಂಚಿ ಮತ ಕೇಳುತ್ತಾನೆ. ಆಮೇಲೆ ಎದುರು ಪಕ್ಷದವರು ಅವನಿಗೇ ಐದು ಪೌಂಡ್ ಕೊಟ್ಟು, ‘ಇಯಿ’ ಎಂಬ ಆಣೆಯ ದೈವವಸ್ತುವಿನ ಮುಂದೆ ತಮ್ಮ ಅಭ್ಯರ್ಥಿ ಮಡುಕನಿಗೆ ಮತ ಹಾಕುವೆನೆಂದು ಆಣೆ ಮಾಡಿಸಿಕೊಳ್ಳುತ್ತಾರೆ. ಪಾಠದ ಟಿಪ್ಪಣಿಯಲ್ಲಿ ‘ಇಯಿ’ಗೆ ಒಂದು ಸಾಲಿನ ಅರ್ಥ ಇದ್ದರೂ ರೂಫ್‌ನ ಎದೆ ಯಾಕೆ ನಡುಗಿತು ಎಂಬುದು ಅದರಿಂದ ತಿಳಿಯುವುದಿಲ್ಲ. ಭಂಡಾರ ಮುಟ್ಟಿ ಆಣೆ ಮಾಡಿಸುವುದನ್ನು ಕಂಡ ನಿಮಗೆ ಅದು ತಟ್ಟನೆ ತಿಳಿಯುತ್ತದೆ. ದುಡ್ಡು ತಿಂದು ಮಾತು ತಪ್ಪುವವನೂ ಭಂಡಾರ ಮುಟ್ಟಿದ ಮೇಲೆ ಹಿಂದೆ ಮುಂದೆ ನೋಡುತ್ತಾನಲ್ಲ, ಅದೇ ಹೆದರಿಕೆ. ಕೊನೆಗೆ ರೂಫ್ ಮತಪತ್ರವನ್ನು ಮಡಿಸಿ, ಮಡಿಕೆಗುಂಟ ಹರಿದು, ಎರಡೂ ಪೆಟ್ಟಿಗೆಗೆ ಅರ್ಧರ್ಧ ಹಾಕುತ್ತಾನೆ.

ಆದರೆ ಒಂದು ಎಚ್ಚರ ಇರಲಿ. ಹೋಲಿಕೆ ನಿಮಗೆ ಅರ್ಥವಾಗಲಿಕ್ಕೆ. ಉತ್ತರಪತ್ರಿಕೆಯಲ್ಲಿ ನಮ್ಮೂರಿನ ಚುನಾವಣೆಯ ವರ್ಣನೆ ಬರೆಯತೊಡಗಿದರೆ ಅಂಕ ಹೋಗುತ್ತದೆ. ಅಲ್ಲಿ ರೂಫ್‌ನ ಮಾತು, ರೂಫ್‌ನ ಕೈ, ಹರಿದ ಕಾಗದ, ಇಷ್ಟೇ ಇರಬೇಕು. ‘ರೂಫ್ ಮಾಡಿದ್ದು ಜಾಣತನವೋ ಹೇಡಿತನವೋ’ ಎಂದು ಕೇಳಿದರೆ ಎರಡೂ ಕಡೆಗೆ ಪಾಠದಿಂದ ಒಂದೊಂದು ಸಾಕ್ಷಿ ಕೊಟ್ಟು, ನಿಮ್ಮ ತೀರ್ಮಾನ ಒಂದು ವಾಕ್ಯದಲ್ಲಿ ಹೇಳಿ. ಹಾಗೆಯೇ, ಲಂಕೇಶರ ‘ದಿ ಗಾರ್ಡನರ್’ ಮತ್ತು ಕುವೆಂಪು ಅವರ ಪದ್ಯ ಮೂಲದಲ್ಲಿ ಕನ್ನಡದವು. ಮೂಲ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಅನುವಾದಕರು ಯಾವ ಪದ ಬಿಟ್ಟರು, ಯಾವುದನ್ನು ಬದಲಿಸಿದರು ಎಂದು ನೋಡುವುದಕ್ಕಿಂತ ಒಳ್ಳೆಯ ಇಂಗ್ಲಿಷ್ ಪಾಠ ಕನ್ನಡದ ವಿದ್ಯಾರ್ಥಿಗೆ ಇಲ್ಲ ಎಂದೇ ನನ್ನ ಅಭಿಪ್ರಾಯ.

ಬರವಣಿಗೆಗೆ ಬರೋಣ. ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ ಮೌಲ್ಯಮಾಪನ. ಮೂರು ಗಂಟೆ ಎಂದರೆ 180 ನಿಮಿಷ. ಅಂಕಕ್ಕೆ ಎರಡು ನಿಮಿಷದಂತೆ 160 ನಿಮಿಷ ಹೋದರೆ, ಪ್ರಶ್ನೆಪತ್ರಿಕೆ ಓದಲು ಮತ್ತು ಕೊನೆಗೆ ತಿದ್ದಲು 20 ನಿಮಿಷ ಉಳಿಯುತ್ತದೆ. ನಾಲ್ಕು ಅಂಕದ ಪ್ರಶ್ನೆಗೆ 80ರಿಂದ 100 ಪದ, ಅಂದರೆ ಎಂಟು ನಿಮಿಷ. ಆರು ಅಂಕದ್ದಕ್ಕೆ 200 ಪದ, ಹನ್ನೆರಡು ನಿಮಿಷ. ಈ ಲೆಕ್ಕದಲ್ಲಿ ನಿಮಿಷಕ್ಕೆ ಹದಿನಾರು–ಹದಿನೇಳು ಪದ ಬರೆಯುವ ಕೈ ಬೇಕು. ಈಗಲೇ ಗಡಿಯಾರ ಇಟ್ಟು ಪಠ್ಯದ ಒಂದು ಪುಟ ನಕಲು ಮಾಡಿ ನೋಡಿ. ನಿಮಿಷಕ್ಕೆ ಹತ್ತೇ ಪದ ಬಂದರೆ ಮೊದಲು ಕೈಯನ್ನು ರೂಢಿಸಬೇಕು, ದಿನಕ್ಕೆ ಹದಿನೈದು ನಿಮಿಷ ನಕಲು ಬರೆದು. ಉತ್ತರ ಗೊತ್ತಿದ್ದೂ ಬರೆದು ಮುಗಿಯದೆ ಅಂಕ ಕಳೆದುಕೊಳ್ಳುವವರು ಹೆಚ್ಚಾಗಿ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳೇ, ಇಂಗ್ಲಿಷ್ ಅಕ್ಷರ ಬರೆದು ಕೈ ಪಳಗಿರುವುದಿಲ್ಲ.

ಆರು ಅಂಕದ ಉತ್ತರದಲ್ಲಿ ಕಥೆಯನ್ನು ಮೊದಲಿನಿಂದ ಹೇಳಲು ಹೊರಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಮೌಲ್ಯಮಾಪಕರಿಗೆ ಕಥೆ ಗೊತ್ತಿದೆ. ಮೊದಲ ವಾಕ್ಯವೇ ಪ್ರಶ್ನೆಗೆ ನೇರ ಉತ್ತರವಾಗಿರಲಿ. ಆಮೇಲೆ ಮೂರು ಅಂಶ. ಪ್ರತಿ ಅಂಶಕ್ಕೂ ನೀವು ಹೇಳುವುದು, ಪಾಠದಿಂದ ನಾಲ್ಕೈದು ಪದದ ಸಾಕ್ಷಿ, ಆ ಸಾಕ್ಷಿಯಿಂದ ಏನು ತಿಳಿಯುತ್ತದೆ ಎಂಬ ಒಂದು ವಾಕ್ಯ. ಮೂರನೆಯದನ್ನೇ ಮಕ್ಕಳು ಬಿಟ್ಟುಬಿಡುವುದು. ಉದ್ಧರಣೆ ಬರೆದು ಮುಂದೆ ಓಡುತ್ತಾರೆ, ಅದು ಯಾಕೆ ಅಲ್ಲಿ ಕೂತಿದೆ ಎಂದು ಹೇಳುವುದಿಲ್ಲ. ನೋಟ್‌ಬುಕ್ಕಿನ ಬಲಭಾಗ ಇರುವುದು ಈ ವಾಕ್ಯಕ್ಕಾಗಿ.

ಭಾಷೆಯ ತಪ್ಪುಗಳಲ್ಲಿ ಕನ್ನಡದ ಜಾಡು ಹಿಡಿದು ಬರುವವು ಕೆಲವಿವೆ. ‘ರೋಮಿಯೋ ನೋಡುತ್ತಾನೆ’ ಎಂಬುದನ್ನು ‘ರೋಮಿಯೋ ಈಸ್ ಸೀಯಿಂಗ್’ ಎಂದು ಬರೆಯುವುದು ಒಂದು. ಸಾಹಿತ್ಯದ ಉತ್ತರದಲ್ಲಿ ‘ರೋಮಿಯೋ ಸೀಸ್’ ಎಂಬ ಸರಳ ವರ್ತಮಾನ ಕಾಲ ಸಾಕು, ಅದನ್ನೇ ಕೊನೆತನಕ ನಡೆಸಿ. ನಡುವೆ ಭೂತಕಾಲಕ್ಕೆ ಜಾರಬೇಡಿ. ಕನ್ನಡದಲ್ಲಿ ‘ಎ’, ‘ದಿ’ಗಳಿಗೆ ಸಮನಾದದ್ದು ಇಲ್ಲವಾದ್ದರಿಂದ ಅವು ಬಿಟ್ಟುಹೋಗುತ್ತವೆ. ತಿದ್ದುವಾಗ ಪ್ರತಿ ನಾಮಪದದ ಮುಂದೆ ಒಮ್ಮೆ ಕಣ್ಣಾಡಿಸಿ. ‘ಹೋಗುತ್ತೇನೆ ಅಂತ ಹೇಳಿದಳು’ ಎನ್ನುವ ನಮ್ಮ ‘ಅಂತ’ ಇಂಗ್ಲಿಷಿಗೆ ಹಾಗೇ ಹೋಗುವುದಿಲ್ಲ. ‘ಶಿ ಸೆಡ್ ದಟ್’ ಎಂದ ಮೇಲೆ ‘ಐ’ ಹೋಗಿ ‘ಶಿ’ ಬರಬೇಕು. ವ್ಯಾಕರಣದ ‘ರಿಪೋರ್ಟೆಡ್ ಸ್ಪೀಚ್’ ಪ್ರಶ್ನೆಯಲ್ಲೂ ಅಂಕ ಹೋಗುವುದು ಇಲ್ಲೇ. ಇನ್ನೊಂದು, ಪದ್ಯದೊಳಗೆ ಮಾತಾಡುವವರನ್ನೆಲ್ಲ ‘ದಿ ಪೊಯೆಟ್’ ಎನ್ನುವ ಅಭ್ಯಾಸ ಬಿಡಿ, ‘ದಿ ಸ್ಪೀಕರ್’ ಎನ್ನಿ. ನೆರೂದನ ಪದ್ಯದ ಪಾದದ ಅನುಭವ, ಸ್ವರೂಪ ರಾಣಿಯವರ ‘ವಾಟರ್’ನ ನೀರು ಹೇಳುವ ಸಾಕ್ಷಿ, ಇವನ್ನು ಕವಿಯ ಸ್ವಂತ ಜೀವನಚರಿತ್ರೆ ಎಂದು ಓದಿದರೆ ದಾರಿ ತಪ್ಪುತ್ತದೆ.

ಗೈಡನ್ನು ಬಿಸಾಡಬೇಕಾಗಿಲ್ಲ, ಕ್ರಮ ತಿರುಗಿಸಿ. ಮೊದಲು ನಿಮ್ಮ ಉತ್ತರ ಬರೆಯಿರಿ, ಆಮೇಲೆ ಗೈಡ್ ತೆರೆದು ನೀವು ಬಿಟ್ಟ ಅಂಶ ಯಾವುದು, ಗೈಡ್ ಬಿಟ್ಟದ್ದು ಯಾವುದು ನೋಡಿ. ವಾರಕ್ಕೆ ಎರಡು ಉತ್ತರ ಹೀಗೆ ಬರೆದು ಕಾಲೇಜಿನ ಉಪನ್ಯಾಸಕರಿಗೆ ತೋರಿಸಿದರೆ ಪರೀಕ್ಷೆಯ ಹೊತ್ತಿಗೆ ಹದಿನಾಲ್ಕೂ ಪಾಠ ಕೈಗೆ ಬಂದಿರುತ್ತವೆ.

ಬಿ.ಎ. ಬಗ್ಗೆ ಇಷ್ಟು: ಪಿಯುಸಿಯಲ್ಲಿ ನೀವು ಓದುತ್ತಿರುವುದು ಭಾಷಾ ವಿಷಯ, ಅದರೊಳಗೆ ಸಾಹಿತ್ಯ ಸ್ವಲ್ಪ ಇದೆ. ಬಿ.ಎ.ದಲ್ಲಿ ಅದನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡರೆ ಇಡೀ ನಾಟಕ, ಕಾದಂಬರಿಗಳನ್ನು ಓದಬೇಕು. ಅದಕ್ಕೆ ಬೇಕಾದದ್ದು ನಿರರ್ಗಳ ಮಾತಿಗಿಂತ ಓದಿನ ರೂಢಿ. ಬರುವ ಬೇಸಿಗೆಯೊಳಗೆ ಪಠ್ಯದ ಹೊರಗಿನ ಹತ್ತು ಸಣ್ಣಕಥೆಗಳನ್ನಾದರೂ ಓದಿ ಮುಗಿಸಿ. ಹಳ್ಳಿಯ ಅರಿವು ಕೇಂದ್ರದಲ್ಲಿ ಇಂಗ್ಲಿಷ್ ಪುಸ್ತಕ ಸಿಗದಿದ್ದರೆ ಕಾಲೇಜಿನ ಗ್ರಂಥಾಲಯ ಕೇಳಿ, ಅಥವಾ ಬಾಗಲಕೋಟೆ, ವಿಜಯಪುರಕ್ಕೆ ಹೋದಾಗ ಅಲ್ಲಿಯ ದೊಡ್ಡ ಗ್ರಂಥಾಲಯಕ್ಕೆ ಹೊಕ್ಕು ಬನ್ನಿ. ಹಕ್ಕುಸ್ವಾಮ್ಯ ಮುಗಿದ ಹಳೆಯ ಕೃತಿಗಳು ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ನಲ್ಲಿ ಮೊಬೈಲಿಗೇ ಉಚಿತವಾಗಿ ಸಿಗುತ್ತವೆ, ಶೇಕ್ಸ್‌ಪಿಯರನ ನಾಟಕಗಳೂ ಅಲ್ಲಿವೆ.

‘ರೋಮಿಯೋ ಅಂಡ್ ಜೂಲಿಯೆಟ್’ ಇಡಿಯಾಗಿ ಐದು ಅಂಕಗಳ (‘ಆಕ್ಟ್’ಗಳ) ನಾಟಕ. ಪರೀಕ್ಷೆಗಾಗಿ ಪೂರ್ತಿ ಓದಬೇಕೆಂದಿಲ್ಲ. ಆದರೆ ನಿಮ್ಮ ಪಾಠದ ಎರಡು ಮಾತುಗಳು ಬರುವ ದೃಶ್ಯಗಳನ್ನು ಮಾತ್ರ ಖಂಡಿತ ಓದಿ. ರೋಮಿಯೋ ಮಾತು ಒಂದನೆಯ ಅಂಕದ ಐದನೆಯ ದೃಶ್ಯದ್ದು, ಕ್ಯಾಪುಲೆಟ್ ಮನೆಯ ಔತಣ, ಅವಳ ಹೆಸರೂ ಅವನಿಗೆ ಗೊತ್ತಿಲ್ಲ. ದೀವಟಿಗೆಗಳಿಗೇ ಉರಿಯಲು ಕಲಿಸುವವಳು ಎಂದು ಅವಳನ್ನು ಬಣ್ಣಿಸುತ್ತಾನೆ. ಜೂಲಿಯೆಟ್ ಮಾತು ಮೂರನೆಯ ಅಂಕದ ಎರಡನೆಯ ದೃಶ್ಯದ್ದು. ರಾತ್ರಿಯನ್ನು ಬೇಗ ಬಾ ಎಂದು ಕರೆಯುತ್ತಾಳೆ, ಸತ್ತ ಮೇಲೆ ರೋಮಿಯೋನನ್ನು ಸಣ್ಣ ಸಣ್ಣ ನಕ್ಷತ್ರವಾಗಿ ಕತ್ತರಿಸು ಎನ್ನುತ್ತಾಳೆ. ಪಾಠದಲ್ಲಿ ಅದಷ್ಟನ್ನೇ ಓದಿದರೆ ಬರೀ ಸಂಭ್ರಮ ಕಾಣುತ್ತದೆ. ಅದಕ್ಕೂ ಹಿಂದಿನ ದೃಶ್ಯ ಓದಿ ನೋಡಿ: ಅದೇ ಮಧ್ಯಾಹ್ನ ಬೀದಿಯಲ್ಲಿ ರೋಮಿಯೋ ಅವಳ ಸೋದರ ಸಂಬಂಧಿ ಟಿಬಾಲ್ಟ್‌ನನ್ನು ಕೊಂದು, ಗಡೀಪಾರಿನ ಶಿಕ್ಷೆಗೆ ಗುರಿಯಾಗಿದ್ದಾನೆ. ನೋಡುವವರಿಗೆಲ್ಲ ಅದು ಗೊತ್ತು. ಅವಳಿಗೊಬ್ಬಳಿಗೆ ಗೊತ್ತಿಲ್ಲ. ಅವಳು ನಕ್ಷತ್ರಗಳ ಮಾತು ಮುಗಿಸುವ ಹೊತ್ತಿಗೆ ಆ ಸುದ್ದಿ ಹೊತ್ತು ದಾದಿ ಬಾಗಿಲಿಗೆ ಬರುತ್ತಾಳೆ.